ಯಾರ ಹೆರಿಗೆಗೂ ಅಲ್ಲದ ಓಟ

ಸುಳ್ಯದಿಂದ ಪುತ್ತೂರಿಗೆ ಆಗ ಬಸ್ಸಿನ ಟಿಕೆಟು ನಾಲ್ಕು ರೂಪಾಯಿಯೂ ಇರಲಿಲ್ಲ. ಅದನ್ನು ಉಳಿಸುವುದಕ್ಕಾಗಿ ನಾನು ಮೂವತ್ತೇಳು ಕಿಲೋಮೀಟರ್ ಓಡಿದೆ ಎಂದು ನಂಬಿರುವವರು ಈಗಲೂ ಸುಳ್ಯ ಪೇಟೆಯಲ್ಲಿ ಇದ್ದಾರೆ. ಉಳಿದವರು ನಂಬಿದ್ದು ಅದಕ್ಕಿಂತ ಕೆಟ್ಟದ್ದನ್ನು. ಹಾಗಾಗಿ ಆ ಎರಡು ದಿನಗಳ ಪ್ರಯಾಣವನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಹೊರಟದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಡಿಸೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ. ಪಯಸ್ವಿನಿ ಹೊಳೆಯ ಮೇಲೆ ಮಂಜು ಇತ್ತು. ನನಗೆ ಐವತ್ತಾರು ವರ್ಷ. ಮೈಮೇಲೆ ಬಿಳಿ ನೂಲಿನ ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಹೆಗಲಿಗೆ ಕಪ್ಪು ರೆಕ್ಸಿನ್ ಚೀಲ. ಚೀಲದಲ್ಲಿ ಇನ್ನೊಂದು ಬಿಳಿ ಸೀರೆ, ಟವೆಲು, ರಕ್ತದೊತ್ತಡದ ಮಾತ್ರೆ, ನಾಲ್ಕು ಬಾಳೆಹಣ್ಣು. ಈ ವೇಷದಲ್ಲಿ ಏನು ತಪ್ಪಿದೆ ಎಂದು ಮನೆಯ ಕನ್ನಡಿಯ ಮುಂದೆ ನಿಂತಾಗ ನನಗೆ ಹೊಳೆಯಲಿಲ್ಲ. ಮೂವತ್ತು ವರ್ಷ ಇದೇ ವೇಷದಲ್ಲಿ ಕನ್ನಡಿ ನೋಡಿದವಳಿಗೆ ಹೊಳೆಯುವುದಾದರೂ ಹೇಗೆ?

ನಾನು ಸರಕಾರಿ ದಾದಿಯಾಗಿದ್ದವಳು. ಅಜ್ಜಾವರ, ಜಾಲ್ಸೂರು, ಕನಕಮಜಲು ಕಡೆಯ ಮನೆಗಳಿಗೆ ಹೋಗಿ ಹೆರಿಗೆ ಮಾಡಿಸುವುದು ನನ್ನ ಕೆಲಸವಾಗಿತ್ತು. ಮದುವೆಯಾಗಲಿಲ್ಲ, ಪೇಟೆಯ ಒಂದು ಟೈಲರ್ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಇದ್ದೆ. ನಿವೃತ್ತಿಯಾದ ಮೂರೇ ತಿಂಗಳಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಯಾರಾದರೂ ಬಾಗಿಲು ತಟ್ಟಿದರೆ ಕೈ ನಡುಗುತ್ತಿತ್ತು. ಕಾರಣವಿಲ್ಲದೆ ಅಳು ಬರುತ್ತಿತ್ತು. ಹೃದಯ ಕೆಟ್ಟಿದೆ ಎಂದುಕೊಂಡು ಪುತ್ತೂರಿನ ಡಾಕ್ಟರರ ಹತ್ತಿರ ಹೋದೆ. ಅವರು ಎಲ್ಲ ಪರೀಕ್ಷೆ ಮಾಡಿ, "ಮೂವತ್ತು ವರ್ಷ ನಿಮ್ಮ ಕಾಲು ಓಡಿದೆ ನರ್ಸಮ್ಮ. ಅದು ಒಮ್ಮೆಲೇ ನಿಂತರೆ ಎದೆ ಓಡದೆ ಎಂತ ಮಾಡ್ತದೆ? ಕಾಲನ್ನೇ ಓಡಿಸಿ" ಎಂದರು. ಇವರು ಯಾವುದೋ ರೋಗವನ್ನು ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಅನುಮಾನ ಬಂತು. ಅನುಮಾನ ನನ್ನ ಕೆಲಸದ ಜೊತೆಗೇ ಬಂದ ಗುಣ. ಹೊಟ್ಟೆನೋವು ಎಂದು ಕರೆಸಿದ ಮನೆಯಲ್ಲಿ ಅದು ಹೊಟ್ಟೆನೋವೇ ಎಂದು ನಂಬಿ ಕುಳಿತಿದ್ದರೆ ನಾನು ಎಷ್ಟೋ ಜೀವ ಕಳೆಯುತ್ತಿದ್ದೆ.

ಆದರೂ ಓಡಿದೆ. ಮೊದಲ ದಿನ ಒಂದು ಲೈಟು ಕಂಬದಿಂದ ಇನ್ನೊಂದು ಕಂಬದವರೆಗೆ. ಕೆಮ್ಮಿ, ಉಗುಳಿ, ಮೋರಿಯ ಕಟ್ಟೆ ಮೇಲೆ ಕುಳಿತೆ. ಒಂದು ವರ್ಷ ಕಳೆಯುವಷ್ಟರಲ್ಲಿ ಹತ್ತು ಕಿಲೋಮೀಟರ್ ನಿಲ್ಲದೆ ಓಡುವಷ್ಟಾಯಿತು. ನಿದ್ದೆ ಬಂತು, ಅಳು ಹೋಯಿತು. ಕೈ ನಡುಗುವುದು ಯಾವಾಗ ನಿಂತಿತು ಎಂಬುದು ನೆನಪಿಲ್ಲ. "ಮುಂದಿನ ಸಲ ಬರುವಾಗ ಓಡಿಕೊಂಡೇ ಬನ್ನಿ" ಎಂದು ಡಾಕ್ಟರರು ತಮಾಷೆ ಮಾಡಿದ್ದರು. ನಾನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಮೊದಲ ದಿನ ಕಾವಿನಲ್ಲಿರುವ ಗೆಳತಿ ಫ್ಲೋರಿನ್ ಮನೆಯವರೆಗೆ, ಎರಡನೆಯ ದಿನ ಪುತ್ತೂರಿಗೆ. ಆದಷ್ಟು ಓಟ, ಆಗದಿದ್ದಲ್ಲಿ ನಡಿಗೆ. ಯೋಜನೆ ಇಷ್ಟೇ ಇತ್ತು.

ಪೇಟೆ ದಾಟುವ ಮೊದಲೇ ಹಾಲಿನವನು ಸೈಕಲ್ ನಿಲ್ಲಿಸಿ, "ಯಾರಿಗೆ ನರ್ಸಮ್ಮ?" ಎಂದ. "ಯಾರಿಗೂ ಇಲ್ಲ, ಸುಮ್ಮನೆ" ಎಂದೆ. ಅವನು ಆಯ್ತು ಆಯ್ತು ಎಂಬಂತೆ ತಲೆಯಾಡಿಸಿ, ದಾರಿ ಬಿಟ್ಟುಕೊಟ್ಟು ನಿಂತ. ಇನ್ನೊಂದು ಮೈಲಿ ಹೋದ ಮೇಲೆ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸು ತುಳುವಿನಲ್ಲಿ ಕೇಳಿದಳು: "ಏರೆಗ್ ಅಮ್ಮಾ?" ಅದೇ ಪ್ರಶ್ನೆ, ಯಾರಿಗೆ ಎಂದು. ಅದಕ್ಕೂ ಅದೇ ಉತ್ತರ ಕೊಟ್ಟೆ. ಅವಳು ಹೊರೆಯ ಕೆಳಗಿನಿಂದಲೇ ನನ್ನ ಚೀಲವನ್ನು ನೋಡಿ ನಕ್ಕಳು. ಆ ನಗೆ ನನಗೆ ಸರಿ ಕಾಣಲಿಲ್ಲ.

ಜಾಲ್ಸೂರಿಗೆ ಮುಟ್ಟುವಾಗ ಏಳು ಗಂಟೆ ದಾಟಿತ್ತು. ಹೋಟೆಲಿನಲ್ಲಿ ಎರಡು ಬನ್ಸ್, ಒಂದು ಚಾ ತೆಗೆದುಕೊಂಡೆ. ಚಾಕ್ಕೆ ಹಾಲಿಗಿಂತ ನೀರೇ ಹೆಚ್ಚು ಬಿದ್ದಿತ್ತು. ಇವರು ನನ್ನನ್ನು ಅವಸರದವಳು ಎಂದುಕೊಂಡು ಉಳಿದದ್ದನ್ನು ಕೊಟ್ಟರೋ ಎಂದು ಯೋಚಿಸುತ್ತಿದ್ದಾಗ ಪುತ್ತೂರು ಕಡೆಯಿಂದ ಬಸ್ಸು ಬಂದು ನಿಂತಿತು. ಕಂಡಕ್ಟರ್ ವಾಸು ಇಳಿದು, ಹೋಟೆಲಿನವನಿಂದ ಏನೋ ಕೇಳಿಕೊಂಡು ನನ್ನ ಹತ್ತಿರ ಬಂದ. ಆ ರೂಟಿನಲ್ಲಿ ಹತ್ತು ವರ್ಷ ಹಳಬ ಅವನು. ಅವನ ಇಬ್ಬರು ಮಕ್ಕಳೂ ನನ್ನ ಕೈಯಲ್ಲೇ ಹುಟ್ಟಿದವರು. "ನೀವು ಓಡಿಕೊಂಡು ಬಂದದ್ದಂತೆ! ಬಸ್ಸಿಗೆ ಕೈ ತೋರಿಸಿದ್ರೆ ಆಗ್ತಿರ್ಲಿಲ್ವಾ? ಯಾರಿಗೆ, ಅಷ್ಟು ಅರ್ಜೆಂಟು?" ಎಂದ.

"ಯಾರಿಗೂ ಇಲ್ಲ ವಾಸು. ಆರೋಗ್ಯಕ್ಕೆ ಓಡುದು ನಾನು."

"ಗೊತ್ತಾಯ್ತು, ಗೊತ್ತಾಯ್ತು. ಹೇಳುದು ಬೇಡ" ಎಂದು ಅವನು ಕಣ್ಣು ಮಿಟುಕಿಸಿದ.

ಓಡುತ್ತಾ ಹೋದಂತೆ ನನಗೆ ಅರ್ಥವಾಯಿತು. ಮದುವೆಯಾಗದ ಹುಡುಗಿಯ ಮನೆಗೋ, ಗಂಡ ಊರಲ್ಲಿಲ್ಲದ ಹೆಂಗಸಿನ ಮನೆಗೋ ಹೋಗುವ ದಿನಗಳಲ್ಲಿ ದಾರಿಯಲ್ಲಿ ಯಾರು ಕೇಳಿದರೂ ನಾನು ಹೇಳುತ್ತಿದ್ದದ್ದು ಇದೇ ಮಾತು: ಯಾರಿಗೂ ಇಲ್ಲ, ಸುಮ್ಮನೆ. ಮೂವತ್ತು ವರ್ಷದಲ್ಲಿ ಈ ರಸ್ತೆಯ ಜನರಿಗೆ ಅದರ ಅರ್ಥ ಬಾಯಿಪಾಠವಾಗಿತ್ತು. ನರ್ಸಮ್ಮ ಹೆಸರು ಹೇಳಿದರೆ ಮಾಮೂಲು ಹೆರಿಗೆ. ಯಾರಿಗೂ ಇಲ್ಲ ಎಂದರೆ ಏನೋ ಉಂಟು. ನಗು ಬಂತು. ಆಗ ಅದು ನಗುವ ವಿಷಯ ಎಂದೇ ತಿಳಿದಿದ್ದೆ.

ಕನಕಮಜಲಿಗೆ ಬರುವಾಗ ಬಿಸಿಲು ಏರಿತ್ತು, ಬಾಯಾರಿಕೆಯಾಗಿತ್ತು. ರಸ್ತೆಯಿಂದ ಸ್ವಲ್ಪ ಕೆಳಗೆ ದೇವಕಿಯ ಮನೆ. ಅವಳ ಮಗಳು ಯಮುನಾ ಹುಟ್ಟುವಾಗ ಕಾಲು ಮುಂದಾಗಿ ಬಂದಿದ್ದಳು. ಉಳಿಯುವುದಿಲ್ಲ ಎಂದುಕೊಂಡಿದ್ದ ಮಗುವನ್ನು ತಲೆಕೆಳಗೆ ಹಿಡಿದು ಬೆನ್ನಿಗೆ ತಟ್ಟಿ ಉಸಿರು ಬರಿಸಿದ್ದೆ. ಅಂದಿನಿಂದ ಆ ದಾರಿಯಲ್ಲಿ ಹೋಗುವಾಗಲೆಲ್ಲ ಅಲ್ಲಿ ನೀರು ಕುಡಿಯುವುದು ವಾಡಿಕೆ. ಇಳಿಜಾರಿನಲ್ಲಿ ಓಡಿಯೇ ಇಳಿದೆ. ಅದೇ ಹೊತ್ತಿಗೆ ವಾಸುವಿನ ಬಸ್ಸು ಸುಳ್ಯಕ್ಕೆ ಮುಟ್ಟಿ, ತಿರುಗಿ ಪುತ್ತೂರಿಗೆ ಹೊರಟು, ನನ್ನ ಬೆನ್ನ ಹಿಂದೆ ಹಾರ್ನ್ ಹಾಕಿ ನಿಧಾನವಾಯಿತು. ನಾನು ತಿರುಗಿ ನೋಡಲಿಲ್ಲ.

ದೇವಕಿ ಬೆಲ್ಲ, ನೀರು ತಂದಿಟ್ಟಳು. ಮುಖ ಅರಳಿತ್ತು. ಬರುವ ಭಾನುವಾರ ಯಮುನಾಳನ್ನು ಮಾತಾಡಿ ಹೋಗಲಿಕ್ಕೆ ಕುಂಬ್ರದಿಂದ ಜನ ಬರುವವರಿದ್ದರು. ಹುಡುಗ ಶಾಲೆಯಲ್ಲಿ ಮೇಷ್ಟ್ರು. ಹಿಂದೆ ಎರಡು ಸಂಬಂಧ ಜಾತಕ ಕೂಡದೆ ತಪ್ಪಿ ಹೋಗಿದ್ದವು. ಇದು ಜಾತಕವೂ ಕೂಡಿ, ಹುಡುಗಿಗೂ ಮನಸ್ಸಾಗಿದ್ದ ಸಂಬಂಧ. "ಇದೊಂದು ತಪ್ಪಿದ್ರೆ ಮತ್ತೆ ನನ್ನಿಂದ ಆಗುದಿಲ್ಲ ನರ್ಸಮ್ಮ, ಇವಳಿಂದಲೂ ಆಗುದಿಲ್ಲ" ಎಂದಳು ದೇವಕಿ. ಯಮುನಾ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ತಲೆಯ ಹತ್ತಿರ ಕತ್ತರಿಸಿದ ಲಿಂಬೆಹುಳಿ, ಪಕ್ಕದಲ್ಲಿ ಒಂದು ಬೋಗುಣಿ.

"ಬಸ್ಸಿನ ವಾಸನೆ ಇವಳಿಗೆ ಆಗುದಿಲ್ಲ. ಬಟ್ಟೆಗೆ ಅಂತ ನಿನ್ನೆ ಪುತ್ತೂರಿಗೆ ಹೋಗಿ, ನನ್ನ ಅಣ್ಣನ ಮನೆಯಲ್ಲಿ ಉಳಿದು, ಈಗ ಫಸ್ಟ್ ಬಸ್ಸಿನಲ್ಲಿ ಬಂದದ್ದು. ದಾರಿಯಲ್ಲಿ ಎರಡು ಸಲ ವಾಂತಿ" ಎಂದು ಹೇಳಿ ದೇವಕಿ ಮಜ್ಜಿಗೆ ತರಲು ಹೋದಳು.

ಇದನ್ನು ಕೇಳಿದ ಮೇಲೂ ನನ್ನ ಕಣ್ಣು ಹೋದದ್ದು ಹುಡುಗಿಯ ಹೊಟ್ಟೆಯ ಮೇಲೆ. ಬಾಯಿಯೂ ಸುಮ್ಮನಿರಲಿಲ್ಲ. "ಹೊರಗೆ ಕೂತದ್ದು ಯಾವಾಗ?" ಎಂದು ಕೇಳಿಬಿಟ್ಟೆ. ಮುಟ್ಟಾದದ್ದು ಯಾವಾಗ ಎಂದು ನಮ್ಮಲ್ಲಿ ಕೇಳುವ ರೀತಿ ಅದು. ಬೆಳಿಗ್ಗೆಯ ವಾಂತಿ ಕಂಡಲ್ಲೆಲ್ಲ ಮೂವತ್ತು ವರ್ಷ ಕೇಳಿದ ಪ್ರಶ್ನೆ. ಯಮುನಾ ನನ್ನನ್ನು ನೋಡಿದಳು. "ಮೊನ್ನೆ ಮಿಂದು ಒಳಗೆ ಬಂದದ್ದಷ್ಟೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಕಿಟಕಿಯ ಹೊರಗೆ ಬಾವಿಕಟ್ಟೆಯಲ್ಲಿ ನೆರೆಮನೆಯ ಹೆಂಗಸೊಬ್ಬಳು ಕೊಡ ತುಂಬುತ್ತಿದ್ದಳು. ಹಗ್ಗ ಎಳೆಯುವ ಸದ್ದು ಸ್ವಲ್ಪ ಹೊತ್ತು ನಿಂತಿತ್ತು ಎಂಬುದು ನನ್ನ ಗಮನಕ್ಕೆ ಬಂದದ್ದು ಆಮೇಲೆ.

ಮಜ್ಜಿಗೆ ಕುಡಿದು ಹೊರಟೆ. ಅಮ್ಚಿನಡ್ಕದವರೆಗೆ ಏರು ಇಳಿತ, ಎರಡೂ ಕಡೆ ಸರಕಾರದ ರಬ್ಬರು ತೋಟ. ಸಿಲೋನಿನಿಂದ ಬಂದ ತಮಿಳರು ಅಲ್ಲಿ ಮರದ ಹಾಲು ತೆಗೆಯುವ ಕೆಲಸಕ್ಕಿದ್ದರು. ಬಕೆಟು ಹಿಡಿದು ಮರದಿಂದ ಮರಕ್ಕೆ ದಡದಡ ಹೋಗುತ್ತಿದ್ದ ನನ್ನ ಪ್ರಾಯದ ಹೆಂಗಸೊಬ್ಬಳು ನನ್ನನ್ನು ಕಂಡು ರಸ್ತೆಯ ಅಂಚಿನಲ್ಲಿ ಹತ್ತು ಮಾರು ಜೊತೆಗೇ ಬಂದಳು. "ಓಡಮ್ಮಾ ಓಡು, ಉಡಂಬುಕ್ಕು ನಲ್ಲದು" ಎಂದಳು. ಮೈಗೆ ಒಳ್ಳೆಯದು ಎಂದು. ಆ ಎರಡು ದಿನಗಳಲ್ಲಿ ಯಾರಿಗೆ ಎಂದು ಕೇಳದೆ ಇದ್ದವಳು ಅವಳೊಬ್ಬಳೇ. ಈಕೆಗೆ ಏನು ಬೇಕಾಗಿದೆಯೋ ಎಂದು ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ. ಅವಳು ನಗುತ್ತಾ ತೋಟದೊಳಗೆ ಹೋದಳು. ಬರೆಯುವಾಗ ನಾಚಿಕೆಯಾಗುತ್ತದೆ.

ಕಾವಿಗೆ ಮುಟ್ಟಿದ್ದು ಹನ್ನೆರಡೂವರೆಗೆ. ಮಂಡಿ ಬಿಸಿಯಾಗಿತ್ತು, ಎಡಗಾಲಿನ ಹೆಬ್ಬೆರಳಲ್ಲಿ ಬೊಕ್ಕೆ ಎದ್ದಿತ್ತು. ಫ್ಲೋರಿನ್ ಕೂಡ ನನ್ನ ಹಾಗೆಯೇ ನಿವೃತ್ತಿಯಾದ ದಾದಿ. ನಾವಿಬ್ಬರೂ ಒಟ್ಟಿಗೆ ತರಬೇತಿ ಮುಗಿಸಿದವರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಣಸಿಗಡಿ ಚಟ್ನಿ ಬಡಿಸಿ, ಬಿಸಿ ಉಪ್ಪುನೀರಿನಲ್ಲಿ ಕಾಲು ಇಡಿಸಿದಳು. ಇಪ್ಪತ್ತೊಂದು ಕಿಲೋಮೀಟರ್ ಬಂದಿದ್ದೆ. ಎದೆ ಗಡಿಯಾರದ ಹಾಗೆ ಹೊಡೆಯುತ್ತಿತ್ತು. ಅಂದು ಮಧ್ಯಾಹ್ನ ಇಷ್ಟು ಸುಖವಾಗಿ ಮಲಗಿದ್ದು ಯಾವ ಕಾಲದಲ್ಲಿ ಎಂದು ಯೋಚಿಸುತ್ತಲೇ ನಿದ್ದೆ ಹೋದೆ.

ನಾಲ್ಕು ಗಂಟೆಗೆ ಎದ್ದಾಗ ಫ್ಲೋರಿನ್ ಎಣ್ಣೆ ತರಲು ಅಂಗಡಿಗೆ ಹೋಗಿ ಬಂದಿದ್ದಳು. ಬಾಟಲಿ ಕೆಳಗಿಡದೆ ನನ್ನ ಎದುರು ನಿಂತಳು.

"ಕನಕಮಜಲಿನ ಹುಡುಗಿಗೆ ಎಷ್ಟು ತಿಂಗಳು?"

"ಯಾವ ಹುಡುಗಿಗೆ?"

"ನಾಟಕ ಬೇಡ ಸುಶೀಲಾ. ಅಂಗಡಿಯಲ್ಲಿ ಅದೇ ಮಾತು. ಹುಡುಗಿ ಬಸ್ಸಿನಲ್ಲಿ ವಾಂತಿ ಮಾಡಿದ್ಳಂತೆ. ಒಂದು ಗಂಟೆಯಲ್ಲಿ ನೀನು ಬ್ಯಾಗ್ ಹಿಡ್ಕೊಂಡು ಓಡಿ ಬಂದು ಆ ಮನೆಗೆ ಇಳಿದದ್ದನ್ನು ಬಸ್ಸಿಡೀ ನೋಡಿದೆ. ಹೊರಗೆ ಕೂತದ್ದು ಯಾವಾಗ ಅಂತ ನೀನು ಕೇಳಿದ್ದು ಕೂಡ ಗೊತ್ತುಂಟು. ಮೂರು ತಿಂಗಳು ಅಂತ ಒಬ್ಬರು ಹೇಳ್ತಾರೆ, ನಾಲ್ಕು ಅಂತ ಇನ್ನೊಬ್ಬರು."

ನನ್ನ ಬಾಯಿಯ ಮಾತು, ಒಂದಕ್ಷರ ಬದಲಾಗದೆ, ನನಗಿಂತ ಮೊದಲು ಬಸ್ಸು ಹತ್ತಿ ಕಾವಿಗೆ ಬಂದಿತ್ತು. ಬಾವಿಯ ಹಗ್ಗ ನಿಂತದ್ದು ಆಗ ನೆನಪಾಯಿತು. ಹುಡುಗಿಗೆ ಬಸ್ಸಿನ ವಾಸನೆ ಆಗುವುದಿಲ್ಲ, ನಾನು ಹೋದದ್ದು ನೀರಿಗೆ ಎಂದು ಹೇಳಿದೆ. ಆಣೆ ಹಾಕಿದೆ. ಫ್ಲೋರಿನ್ ಸಮಾಧಾನದಿಂದ ಕೇಳಿ, ಹತ್ತಿರ ಬಂದು ಕುಳಿತು, "ನನ್ನ ಹತ್ರವಾದ್ರೂ ಹೇಳು ಮಾರಾಯ್ತಿ. ನಾನು ಯಾರ ಹತ್ರವೂ ಹೇಳುದಿಲ್ಲ" ಎಂದಳು.

ಮೂವತ್ತೈದು ವರ್ಷದ ಗೆಳತಿ ನಂಬಲಿಲ್ಲ. ಇನ್ನು ಕುಂಬ್ರದ ಹುಡುಗನ ಮನೆಯವರು ನಂಬುತ್ತಾರೆಯೇ? ಹುಡುಗಿಯ ಮದುವೆ ಮುರಿದರೆ ಅದನ್ನು ಮುರಿದವಳು ನಾನೇ, ಬಸ್ಸಿನವರಲ್ಲ.

ಮರುದಿನ ಬುಧವಾರ ಬೆಳಕು ಹರಿಯುವಾಗಲೇ ಫ್ಲೋರಿನ್ ಮನೆ ಬಿಟ್ಟೆ. ಕುಂಬ್ರಕ್ಕೆ ಆರೇಳು ಕಿಲೋಮೀಟರ್; ದಾರಿಯಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಓಡದೆ, ಚೀಲವನ್ನು ಸೆರಗಿನಡಿ ಮುಚ್ಚಿಕೊಂಡು ನಡೆದೆ. ಹುಡುಗನ ತಾಯಿ ಕಮಲಕ್ಕನ ಮುಖಪರಿಚಯ ಮಾತ್ರ ಇತ್ತು. ಅವರ ಮನೆ ರಸ್ತೆಗೆ ತಾಗಿಯೇ, ಬಸ್ ನಿಲ್ದಾಣದ ಎದುರು. ನಾನು ಹಿಂದಿನ ಗದ್ದೆಯ ಬದುವಿನಿಂದ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತೆ.

ಕಮಲಕ್ಕ ಮರ್ಯಾದೆಯವರು. ಮಣೆ ಹಾಕಿ, ಕಾಫಿ, ತೆಳ್ಳವು ದೋಸೆ ಕೊಟ್ಟರು. ಅವರ ಮಗಳು, ಪುತ್ತೂರಿನ ಕಾಲೇಜಿಗೆ ಹೋಗುವವಳು, ಜಡೆ ಹಾಕಿಕೊಳ್ಳುತ್ತಾ ಇಣುಕಿ ಹೋದಳು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಹುಡುಗಿ ಚಿನ್ನದಂಥವಳು, ನಾನು ಹೋದದ್ದು ನೀರಿಗೆ, ಓಡಿದ್ದು ನನ್ನ ಆರೋಗ್ಯಕ್ಕೆ ಎಂದೆ.

"ಒಂದು ಕೇಳ್ತೇನೆ ನರ್ಸಮ್ಮ, ಬೇಜಾರು ಮಾಡ್ಬೇಡಿ" ಎಂದರು ಕೊನೆಗೆ. "ನಿಮ್ಮ ಸರ್ವಿಸಿನಲ್ಲಿ ಒಂದು ಮನೆಯ ಗುಟ್ಟನ್ನಾದ್ರೂ ಹೊರಗೆ ಹೇಳಿದ್ದುಂಟಾ?"

"ಇಲ್ಲ" ಎಂದೆ. ಅದು ನನ್ನ ಹೆಮ್ಮೆ.

"ಮತ್ತೆ ಈಗ ನನ್ನ ಹತ್ರ ಹೇಳ್ತೀರಾ? ಇದ್ದರೂ ಇಲ್ಲ ಅಂತಲೇ ಹೇಳುದಲ್ವಾ ನೀವು? ಇಷ್ಟು ಬೆಳಿಗ್ಗೆ, ಹಿಂದಿನ ಬಾಗಿಲಲ್ಲಿ ಬಂದು ಹೇಳ್ತಾ ಇದ್ದೀರಿ ಅಂದ್ರೇ ನನಗೆ ಹೆದರಿಕೆ ಆಗುದು." ನಾಳೆ ಜನ ಕಳಿಸಿ, ಭಾನುವಾರ ಬರುವುದಿಲ್ಲ ಎಂದು ತಿಳಿಸುತ್ತೇವೆ ಎಂದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಗದ್ದೆಯ ಬದುವಿನಲ್ಲೇ ಹಿಂದಿರುಗಿ, ಕುಂಬ್ರದ ಮೋರಿಯ ಕಟ್ಟೆಯ ಮೇಲೆ ಕುಳಿತೆ. ಅಳು ಬಂತು. ಒಂದು ವರ್ಷದಿಂದ ಬಾರದೆ ಇದ್ದದ್ದು. ಎದೆಯೂ ಹಳೆಯ ಹಾಗೆ ಹೊಡೆದುಕೊಳ್ಳಲು ಶುರುಮಾಡಿತು. ಎದ್ದು ಎರಡು ಕಂಬದಷ್ಟು ದೂರ ಓಡಿದೆ, ತಿರುಗಿ ಓಡಿದೆ, ಮತ್ತೆ ಓಡಿದೆ. ನಾಲ್ಕನೆಯ ಸಲಕ್ಕೆ ಉಸಿರು ಸರಿಯಾಯಿತು. ತಲೆಯೂ ಸರಿಯಾಯಿತು. ಮಾತಿನಿಂದ ಆಗದ ಕೆಲಸವನ್ನು ಮಾತಿನಿಂದಲೇ ಮಾಡಲು ಹೋಗಿದ್ದೆ. ಈ ಜನ ನಂಬುವುದು ನನ್ನ ಬಾಯಿಯನ್ನಲ್ಲ, ಕಾಲನ್ನು.

ಸುಳ್ಯದ ಬಸ್ಸು ಕುಂಬ್ರಕ್ಕೆ ಒಂಬತ್ತೂಕಾಲಕ್ಕೆ ಬರುತ್ತಿತ್ತು. ವಾಸುವಿನದ್ದೇ ಬಸ್ಸು. ಕಾಲೇಜಿನವರು, ಕಚೇರಿಯವರು, ಪೇಟೆಗೆ ಹೋಗುವವರು ಎಲ್ಲ ಸೇರಿ ಬಾಗಿಲಲ್ಲಿ ಜೋತುಬಿದ್ದಿದ್ದರು. ಬಸ್ಸು ನಿಂತ ಕ್ಷಣಕ್ಕೆ ನಾನು ಚೀಲವನ್ನು ಹೆಗಲಿಗೇರಿಸಿ, ಸೀರೆ ಮೇಲಕ್ಕೆ ಸಿಕ್ಕಿಸಿ, ಎಲ್ಲರ ಕಣ್ಣೆದುರು ರಸ್ತೆ ದಾಟಿ ಓಡಿದೆ. ಕಮಲಕ್ಕನ ಮನೆಯ ಮುಂದಿನ ಗೇಟನ್ನು ದಡಾರನೆ ತೆಗೆದು, ಅಂಗಳದ ನಡುವೆ ನಿಂತು, ಕಂಠ ಬಿಟ್ಟು ಕೂಗಿದೆ:

"ಕಮಲಕ್ಕಾ, ಬಿಸಿನೀರು ಇಡೀ!"

ಇದು ಯಾವ ಕೂಗು ಎಂದು ಆ ರಸ್ತೆಯಲ್ಲಿ ಮಕ್ಕಳಿಗೂ ಗೊತ್ತು. ನಾನು ಹೆರಿಗೆಯ ಮನೆಗೆ ಕಾಲಿಟ್ಟೊಡನೆ ಕೂಗುತ್ತಿದ್ದದ್ದು ಅದನ್ನೇ. ಕಿಟಕಿಗಳಲ್ಲಿ ತಲೆಗಳು ತುಂಬಿದವು. ವಾಸು ಸೀಟಿ ಬಾಯಲ್ಲಿಟ್ಟುಕೊಂಡು ಊದಲು ಮರೆತ. ಕಾಲೇಜಿಗೆಂದು ಪುಸ್ತಕ ಹಿಡಿದು ಹೊರಗೆ ಬಂದಿದ್ದ ಕಮಲಕ್ಕನ ಮಗಳು ಮೆಟ್ಟಿಲ ಮೇಲೆ ನಿಂತವಳು ಒಳಗೆ ಓಡಿಹೋದಳು. ಅವಳು ಓಡಿದ್ದು ಇನ್ನೂ ಕೆಟ್ಟದಾಯಿತು.

ಬಸ್ಸು ಹೋದ ಮೇಲೆ ಕಮಲಕ್ಕ ಬಾಗಿಲಿಗೆ ಬಂದರು. ಮುಖ ಬಿಳಿಚಿತ್ತು. "ಎಂತ ಮಾಡಿದಿರಿ ಮಾರಾಯ್ತಿ? ನನ್ನ ಮಗಳಿಗೆ ನಾಳೆ ಸಂಬಂಧ ಬರುದು ಬೇಡ್ವಾ? ಆ ಬಸ್ಸು ಪುತ್ತೂರಿಗೆ ಮುಟ್ಟುವ ಮೊದಲು ಎಂತೆಲ್ಲ ಹೇಳ್ತಾರೆ ಅಂತ ಗೊತ್ತುಂಟಾ ನಿಮಗೆ?"

"ಕುಡಿಯಲಿಕ್ಕೆ ಬಿಸಿನೀರು ಕೇಳಿದ್ದು. ಗಂಟಲು ಸರಿ ಇಲ್ಲ" ಎಂದೆ. "ನಿಮ್ಮ ಮಗಳಿಗೆ ಎಂತದ್ದೂ ಇಲ್ಲ ಅಂತ ನಿಮಗೆ ಗೊತ್ತುಂಟು. ಹೋಗಿ ಅವರಿಗೆ ಹೇಳಿ, ನಂಬ್ತಾರಾ ನೋಡುವ."

ಅವರು ಜಗಲಿಯಲ್ಲಿ ಕುಳಿತುಬಿಟ್ಟರು. ಒಳಗೆ ಹುಡುಗಿ ಬಿಕ್ಕುವುದು ಕೇಳುತ್ತಿತ್ತು. ಒಬ್ಬಳನ್ನು ಉಳಿಸಲು ಇನ್ನೊಬ್ಬಳನ್ನು ಕೆಸರಿಗೆ ಎಳೆದೆ. ಅದನ್ನು ಸಮರ್ಥಿಸಿಕೊಳ್ಳುವ ಮಾತು ನನ್ನಲ್ಲಿ ಅಂದೂ ಇರಲಿಲ್ಲ, ಈಗಲೂ ಇಲ್ಲ. ಕಮಲಕ್ಕ ಕೊನೆಗೆ ಎದ್ದು ಹೋಗಿ, ನಿಜವಾಗಿಯೂ ಒಂದು ಲೋಟ ಬಿಸಿನೀರು ತಂದು ನನ್ನ ಮುಂದೆ ಕುಕ್ಕಿದರು. "ಇದು ತೊಳೆದು ಹೋಗ್ಬೇಕಾದ್ರೆ ಎಂತ ಮಾಡ್ಬೇಕು ಅದನ್ನು ಹೇಳಿ" ಎಂದರು.

ಹೇಳಿದೆ. ಇಲ್ಲಿಂದ ಪುತ್ತೂರಿನವರೆಗೆ ರಸ್ತೆಬದಿಯಲ್ಲಿ ಎಷ್ಟು ಮನೆ ಉಂಟೋ ಅಷ್ಟಕ್ಕೂ ನಾನು ಓಡಿಕೊಂಡು ಹೋಗುತ್ತೇನೆ, ಅಷ್ಟರಲ್ಲೂ ನೀರು ಕೇಳುತ್ತೇನೆ. ಎಲ್ಲ ಮನೆಗೂ ಹೋದ ಮೇಲೆ ಯಾವ ಮನೆಯ ಮೇಲೂ ಮಾತು ನಿಲ್ಲುವುದಿಲ್ಲ. ಆದರೆ ನೀವು ಭಾನುವಾರ ಕನಕಮಜಲಿಗೆ ಹೋಗಬೇಕು. ಆ ಹುಡುಗಿಯ ಮೇಲಿನ ಮಾತು ನಿಜ ಎಂದು ನೀವೇ ತೋರಿಸಿಕೊಟ್ಟರೆ, ನಿಮ್ಮ ಮನೆಯ ಮಾತು ಸುಳ್ಳು ಎಂದು ಯಾರು ಹೇಳಬೇಕು?

ಕಮಲಕ್ಕ ನನ್ನನ್ನು ದಿಟ್ಟಿಸಿದರು. "ನೀವು ನರ್ಸಾದದ್ದು ಒಳ್ಳೆದಾಯ್ತು, ವಕೀಲರಾಗಿದ್ರೆ ಊರು ಉಳೀತಿರ್ಲಿಲ್ಲ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಹೋಗ್ತೇವೆ" ಎಂದರು.

ಕುಂಬ್ರದಿಂದ ಪುತ್ತೂರಿಗೆ ಹತ್ತು ಕಿಲೋಮೀಟರ್. ಆ ಹತ್ತು ಕಿಲೋಮೀಟರಿಗೆ ನನಗೆ ಮೂರು ಗಂಟೆ ಹಿಡಿಯಿತು. ಹದಿನಾಲ್ಕು ಮನೆಯಲ್ಲಿ ನೀರು ಕುಡಿದೆ. ಎಲ್ಲ ಕಡೆಯೂ ಓಡಿಯೇ ಹೊಕ್ಕೆ, ಓಡಿಯೇ ಹೊರಟೆ. ಗಂಡಸರೇ ಇದ್ದ ಒಂದು ಬೀಡಿ ಡಿಪೋಕ್ಕೂ ಹೋದೆ. ಮುಕ್ವೆಯ ಹತ್ತಿರ ಎಂಬತ್ತು ವರ್ಷದ ಬ್ರಹ್ಮಚಾರಿ ಭಟ್ಟರೊಬ್ಬರು ಒಂಟಿಯಾಗಿದ್ದರು. ಅವರ ಮನೆಯಲ್ಲಿ ಹತ್ತು ನಿಮಿಷ ಹೆಚ್ಚೇ ಕುಳಿತೆ. ನಾನು ಅಲ್ಲಿಂದ ಹೊರಬೀಳುವಾಗ ಪುತ್ತೂರಿನಿಂದ ಹಿಂದಿರುಗುತ್ತಿದ್ದ ವಾಸುವಿನ ಬಸ್ಸು ಎದುರಾಯಿತು. ಅವನು ಬಾಗಿಲಲ್ಲಿ ನಿಂತು ಬಾಯಿ ತೆರೆದ. "ಎಂತ ನರ್ಸಮ್ಮ, ಭಟ್ಟರಿಗೂ ದಿನ ತುಂಬಿತಾ?" ಇಡೀ ಬಸ್ಸು ನಕ್ಕಿತು. ನಾನು, "ಯಾರಿಗೂ ಇಲ್ಲ, ಸುಮ್ಮನೆ" ಎಂದೆ. ಇನ್ನೂ ಜೋರಾಗಿ ನಕ್ಕರು. ಆ ನಗೆ ಕೇಳಿ ನನ್ನ ಮಂಡಿಯ ನೋವು ಅರ್ಧ ಇಳಿಯಿತು.

ಪುತ್ತೂರಿನಲ್ಲಿ ಡಾಕ್ಟರರು ನಾಡಿ ಹಿಡಿದು, ಗಡಿಯಾರ ನೋಡಿ, ಮತ್ತೊಮ್ಮೆ ಹಿಡಿದರು. ರಕ್ತದೊತ್ತಡ ನೋಡಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. "ನಿಜವಾಗಿಯೂ ಓಡಿಕೊಂಡು ಬಂದದ್ದಾ?" ಎಂದು ಎರಡು ಸಲ ಕೇಳಿದರು. ಅವರೂ ನಂಬಲಿಲ್ಲ ಎಂದು ಕಾಣುತ್ತದೆ. ಪೇಟೆಯ ಹೋಟೆಲಿನಲ್ಲಿ ಊಟ ಮಾಡಿ, ಮೂರು ಗಂಟೆಯ ಬ‌ಸ್ಸಿಗೆ ಕನಕಮಜಲಿಗೆ ಟಿಕೆಟು ತೆಗೆದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತನ್ನ ಜೊತೆಯವಳಿಗೆ ಹೇಳುತ್ತಿದ್ದಳು: "ಆ ನರ್ಸಮ್ಮನಿಗೆ ರಿಟೈರ್ ಆದ ಮೇಲೆ ತಲೆ ಸರಿ ಇಲ್ಲವಂತೆ. ಸಿಕ್ಕಿದ ಮನೆಗೆಲ್ಲ ಓಡ್ತಾರಂತೆ, ಪಾಪ." ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೆ. ಅಷ್ಟಾದರೆ ಸಾಕಿತ್ತು.

ಬಸ್ಸಿಳಿದು ದೇವಕಿಯ ಮನೆಗೆ ನಡೆದೇ ಹೋದೆ. ದೇವಕಿ ಅಂಗಳದಲ್ಲಿ ತಲೆಗೆ ಕೈಹೊತ್ತು ಕುಳಿತಿದ್ದಳು. ಊರಿನ ಮಾತು ಮುಂಚಿನ ದಿನವೇ ಅವಳ ಕಿವಿಗೂ ಬಿದ್ದಿತ್ತು. ಭಾನುವಾರ ಅವರು ಬರುತ್ತಾರೆ, ಕಮಲಕ್ಕ ತಮ್ಮ ಬಾಯಿಂದಲೇ ಹೇಳಿದ್ದಾರೆ ಎಂದೆ. ದೇವಕಿ ನನ್ನ ಕೈ ಹಿಡಿದು ಅತ್ತಳು, ದೇವರಿಗೆ ಹೇಳಿಕೊಳ್ಳಲು ಒಳಗೆ ಹೋದಳು. ಯಮುನಾ ಕಂಬಕ್ಕೆ ಒರಗಿ ನಿಂತಿದ್ದಳು.

"ಊರಿನವರು ಹೇಳಿದ್ದು ಬಿಡಿ. ಅವರಿಗೆ ಬೇರೆ ಕೆಲಸ ಇಲ್ಲ" ಎಂದಳು. "ಅಮ್ಮ ಬಸ್ಸಿನ ವಿಷಯ ಹೇಳಿದ ಮೇಲೂ ನೀವು ಆ ಪ್ರಶ್ನೆ ಕೇಳಿದ್ರಲ್ಲ. ನೀವು ಎಂತ ಎಣಿಸಿದ್ದು?"

ಅಭ್ಯಾಸಬಲದಿಂದ ಕೇಳಿದೆ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು.

"ಅವರು ಎಣಿಸಿದ್ದನ್ನೇ ನಾನೂ ಎಣಿಸಿದ್ದು" ಎಂದೆ. "ಅವರಿಗಿಂತ ಮೊದಲು."

ಅವಳು ಅಳಲಿಲ್ಲ. "ನಿಮ್ಮಿಂದ ಉಪಕಾರ ಆಗಿದೆ. ಇಲ್ಲ ಅಂತ ಹೇಳುದಿಲ್ಲ" ಎಂದಳು. "ಆದ್ರೆ ಇನ್ನು ಈ ದಾರಿಯಲ್ಲಿ ಹೋಗುವಾಗ ನಮ್ಮ ಮನೆಗೆ ಬರುದು ಬೇಡ ನರ್ಸಮ್ಮ."

ಆಯ್ತು ಎಂದೆ. ನನ್ನ ಅಂಗೈಯಲ್ಲಿ ಉಸಿರಾಡಲು ಕಲಿತ ಹುಡುಗಿ ಅವಳು. ಎದೆಯೊಳಗೆ ಯಾರೋ ಹಿಂಡಿದ ಹಾಗಾಯಿತು. ಇದು ಓಡಿದರೆ ಹೋಗುವ ನೋವಲ್ಲ ಎಂದು ತಿಳಿಯಿತು.

ಸುಳ್ಯದ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಕಾದು ನಿಲ್ಲುವುದು ನನ್ನಿಂದ ಆಗಲಿಲ್ಲ. ರಸ್ತೆಗೆ ಹತ್ತಿ, ಸುಳ್ಯದ ಕಡೆ ಹೊರಟೆ. ಅಲ್ಲಿಂದಲೇ ಓಡಿದರೆ ಆ ಮನೆಯಿಂದ ಓಡಿ ಹೊರಬಿದ್ದ ಹಾಗೆ ಯಾರಿಗಾದರೂ ಕಂಡೀತು ಎಂದು, ತಿರುವು ಬರುವವರೆಗೆ ನಡೆದೇ ಹೋದೆ. ತಿರುವಿನಲ್ಲಿ ನಿಂತು ಹಿಂದೆ ನೋಡಿದೆ. ಯಮುನಾ ಅಂಗಳದ ಅಂಚಿಗೆ ಬಂದು, ಬಿಸಿಲಿಗೆ ಕೈ ಅಡ್ಡ ಹಿಡಿದು, ನಾನು ನಡೆಯುತ್ತೇನೋ ಓಡುತ್ತೇನೋ ಎಂದು ನೋಡುತ್ತಾ ನಿಂತಿದ್ದಳು.